ಕ್ಯಾನ್ಸರ್‌ಗೆ ಕರೆಂಟ್ ತೆಗೆದುಕೊಂಡ ಸೊಂಟಕ್ಕೆ ಬಲ ಕೊಟ್ಟ ಬಸವನಗುಡಿಯ ಫಿಸಿಯೋಥೆರಪಿ ಕ್ಲಿನಿಕ್

ನಾನು ಶ್ರೀನಗರದವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಸೀರೆಗೆ ಫಾಲ್, ಪೀಕೋ, ಕುಚ್ಚು ಎಲ್ಲಾ ಮಾಡಿಕೊಡುತ್ತೇನೆ. 22 ವರ್ಷದಿಂದ ಇದೇ ನನ್ನ ಕೆಲಸ. ಗಾಂಧಿ ಬಜಾರ್ ಹಿಂದಿನ ಒಳರಸ್ತೆಯಲ್ಲಿರುವ ಈ ಫಿಸಿಯೋಥೆರಪಿ ಕ್ಲಿನಿಕ್‌ಗೆ 2024ರ ಅಕ್ಟೋಬರ್‌ನಲ್ಲಿ ಮೊದಲ ಸಲ ಹೋದೆ. ಒಂದು ವರ್ಷ ಹೋಗಿ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಈ ಕ್ಲಿನಿಕ್ ಬಗ್ಗೆ ಜನ ಬರೆದಿರುವುದನ್ನು ಮಗಳು ಫೋನಿನಲ್ಲಿ ಓದಿ ಹೇಳಿದ್ದಳು. ಕತ್ತು ನೋವು, ಮಂಡಿ ನೋವು, ಕಂಪ್ಯೂಟರ್ ಮುಂದೆ ಕೂತು ಬಂದ ಬೆನ್ನು ನೋವು, ಇಷ್ಟೇ ಇತ್ತು. ಕ್ಯಾನ್ಸರ್‌ಗೆ ಹೊಟ್ಟೆ ಕೆಳಗೆ ಕರೆಂಟ್ ತೆಗೆದುಕೊಂಡ ಹೆಂಗಸರ ಮೂಳೆ ಬಗ್ಗೆ ಒಬ್ಬರೂ ಬರೆದಿರಲಿಲ್ಲ. ರೇಡಿಯೇಷನ್‌ಗೆ ನಮ್ಮ ಕಡೆ ಕರೆಂಟ್ ಕೊಡುವುದು ಅಂತಲೇ ಹೇಳುವುದು, ನಾನೂ ಹಾಗೇ ಬರೆಯುತ್ತೇನೆ. ನನ್ನಂಥವರು ಹುಡುಕಿದಾಗ ಒಂದಾದರೂ ಸಿಗಲಿ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತಿದ್ದೇನೆ.

2023ರಲ್ಲಿ ನನಗೆ ಗರ್ಭಕೋಶದ ಬಾಯಿ ಕ್ಯಾನ್ಸರ್ ಅಂತ ಗೊತ್ತಾಯಿತು. ಆಗ ನನಗೆ 44. ಐದು ವಾರ, 25 ಸಲ ಹೊರಗಿನ ಕರೆಂಟ್. ಜೊತೆಗೆ ವಾರಕ್ಕೊಂದು ಕೀಮೋ. ಕೊನೆಗೆ ಮೂರು ಸಲ ಒಳಗಿನ ಕರೆಂಟ್. ಜೂನ್‌ನಲ್ಲಿ ಮುಗಿಯಿತು. ಆ ಆಸ್ಪತ್ರೆಯವರು ನನ್ನ ಜೀವ ಉಳಿಸಿದ್ದಾರೆ, ಅವರನ್ನು ದಿನಾ ನೆನೆಯುತ್ತೇನೆ. ಆದರೆ ಒಂದು ಮಾತು ಹೇಳಲೇಬೇಕು. ಭೇದಿ ಆಗುತ್ತೆ ಅಂದರು, ಉರಿಮೂತ್ರ ಬರುತ್ತೆ ಅಂದರು, ಚರ್ಮ ಕಪ್ಪಾಗುತ್ತೆ ಅಂದರು. ಮೂಳೆ ಬಗ್ಗೆ ಒಂದೇ ಒಂದು ಮಾತು ಯಾರೂ ಆಡಲಿಲ್ಲ.

ಮೂರನೇ ವಾರದಲ್ಲೇ ಮೈಯೆಲ್ಲಾ ಬಿಸಿಯೇರಿ ಬೆವರು ಕಿತ್ತುಕೊಂಡು ಬರಲು ಶುರುವಾಯಿತು. ಬೇಸಿಗೆ ಅಲ್ವಾ ಅಂದುಕೊಂಡೆ. ಆಮೇಲೆ ಮುಟ್ಟೂ ನಿಂತಿತು. ಪಕ್ಕದ ಮನೆಯವರು ‘ಒಳ್ಳೇದೇ ಆಯ್ತು ಬಿಡಿ, ತಿಂಗಳ ಕಾಟ ತಪ್ಪಿತು’ ಅಂದರು. ನನಗೂ ಹಾಗೇ ಅನ್ನಿಸಿತು. ಆ ಕರೆಂಟ್‌ಗೆ ಅಂಡಾಶಯ ಕೆಲಸ ನಿಲ್ಲಿಸುತ್ತೆ, ಮೂಳೆಯನ್ನು ಕಾಯುವ ಹಾರ್ಮೋನ್ ಐವತ್ತರ ಆಸುಪಾಸಿನಲ್ಲಿ ನಿಲ್ಲಬೇಕಾದ್ದು ನಲವತ್ನಾಲ್ಕಕ್ಕೇ ನಿಂತುಬಿಡುತ್ತೆ ಅನ್ನುವುದು ಯಾರಿಗೆ ಗೊತ್ತಿತ್ತು?

2024ರ ಆಗಸ್ಟ್. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ವಾರ. ಬ್ಲೌಸ್ ಹೊಲಿಯುವವರಿಗೆ ಆ ದಿನಗಳು ಹೇಗಿರುತ್ತವೆ ಅಂತ ಹೇಳಬೇಕಾಗಿಲ್ಲ. ಒಂದು ಸಂಜೆ ಮಷಿನ್ ಮುಂದಿನಿಂದ ಎದ್ದೆ. ಸೊಂಟದ ಹಿಂಭಾಗ, ಬಲಗಡೆ, ಕುಂಡಿಯ ಮೇಲ್ಗಡೆ ಚಳಕ್ ಅಂತು. ಬಿದ್ದಿರಲಿಲ್ಲ. ಭಾರ ಎತ್ತಿರಲಿಲ್ಲ. ಸುಮ್ನೆ ಎದ್ದಿದ್ದೆ ಅಷ್ಟೇ. ಒಂದು ವಾರದಲ್ಲಿ ಅಡುಗೆಮನೆಯಿಂದ ಬಾಗಿಲವರೆಗೆ ನಡೆಯುವುದೂ ಕಷ್ಟವಾಯಿತು. ಮಲಗಿದರೆ ಕಡಿಮೆ, ನಿಂತರೆ ಜಾಸ್ತಿ. ಆಟೋದಲ್ಲಿ ಹೋದರೆ ಪ್ರತಿ ಹಂಪ್ಸ್‌ಗೂ ಕಣ್ಣಲ್ಲಿ ನೀರು.

ಹತ್ತಿರದ ಒಬ್ಬ ಮೂಳೆ ಡಾಕ್ಟರ್ ಎಕ್ಸ್‌ರೇ ತೆಗೆಸಿ ‘ಏನೂ ಇಲ್ಲ, ಡಿಸ್ಕ್ ಸ್ವಲ್ಪ ಸವೆದಿದೆ’ ಅಂದರು. ಕರೆಂಟ್ ತೆಗೆದುಕೊಂಡಿದ್ದೇನೆ ಅಂತ ನಾನು ಹೇಳಿದೆ, ಅವರು ತಲೆ ಆಡಿಸಿ ನೋವಿನ ಮಾತ್ರೆ ಬರೆದರು. ಅವರು ಕಳಿಸಿದ ಕಡೆ ಬೆನ್ನಿಗೆ ಶಾಖ ಕೊಟ್ಟರು, ಮುಂದಕ್ಕೆ ಬಗ್ಗಿಸಿ ವ್ಯಾಯಾಮ ಮಾಡಿಸಿದರು. ನೋವು ದುಪ್ಪಟ್ಟಾಯಿತು. ಊರಿಂದ ಬಂದ ನಾದಿನಿ ಎಣ್ಣೆ ಹಚ್ಚಿ ತಿಕ್ಕಿದಳು, ಪಾಪ ಪ್ರೀತಿಯಿಂದಲೇ. ಆ ರಾತ್ರಿ ಮಗ್ಗುಲು ಬದಲಿಸಲೂ ಆಗಲಿಲ್ಲ.

ಆದರೆ ನೋವಿಗಿಂತ ದೊಡ್ಡದು ಇನ್ನೊಂದಿತ್ತು. ರೋಗ ವಾಪಸ್ ಬಂದಿದೆ, ಮೂಳೆಗೆ ಹತ್ತಿದೆ ಅಂತ ನನಗೆ ಖಾತ್ರಿಯಾಗಿಬಿಟ್ಟಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಮ್ಮೆಜಮಾನರಿಗೂ ಅದೇ ಅನುಮಾನ ಇತ್ತಂತೆ, ಅವರೂ ಹೇಳಲಿಲ್ಲ. ಹೊಲಿಯಲು ಬಂದಿದ್ದ ಎರಡು ರೇಷ್ಮೆ ಬ್ಲೌಸ್ ಪೀಸ್‌ಗಳನ್ನು ಕತ್ತರಿಸದೆ ಮಡಿಸಿ ಇಟ್ಟಿದ್ದೆ. ಮುಗಿಸಿ ಕೊಡಲು ಆಗುತ್ತೋ ಇಲ್ಲವೋ, ಯಾಕೆ ಕತ್ತರಿ ಹಾಕಲಿ ಅಂತ. ಇಬ್ಬರೂ ಹೀಗೆ ಮೂರು ವಾರ ಕಳೆದೆವು.

ಕೊನೆಗೆ ನಮ್ಮ ಕ್ಯಾನ್ಸರ್ ಡಾಕ್ಟರ್ ಹತ್ತಿರವೇ ಹೋದೆ. ಅವರು ಎಂಆರ್‌ಐ ಮಾಡಿಸಿದರು. ಎರಡು ದಿನ ಬಿಟ್ಟು ರಿಪೋರ್ಟ್ ನೋಡಿ ಅವರು ಹೇಳಿದ ಮೊದಲ ಮಾತೇ ‘ಗೆಡ್ಡೆ ಇಲ್ಲಮ್ಮ. ಮೂಳೆ ಸೀಳಿದೆ’ ಅಂತ. ಬೆನ್ನುಮೂಳೆಯ ಕೊನೆಯಲ್ಲಿ ಸೊಂಟದ ಹಿಂದೆ ತ್ರಿಕೋನದ ಹಾಗೆ ಇರುವ ಮೂಳೆ ಸೇಕ್ರಮ್. ಅದರ ಎರಡೂ ಪಕ್ಕ ಸೀಳು ಬಿಟ್ಟಿತ್ತು, ಬಲಗಡೆ ಜಾಸ್ತಿ. ಇದಕ್ಕೆ ಇನ್‌ಸಫಿಶಿಯೆನ್ಸಿ ಫ್ರಾಕ್ಚರ್ ಅಂತ ಹೆಸರು. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲವಂತೆ, ಎಂಆರ್‌ಐಯಲ್ಲಿ ಚೆನ್ನಾಗಿ ಕಾಣುತ್ತೆ. ಹೊಟ್ಟೆ ಕೆಳಗೆ ಕರೆಂಟ್ ತೆಗೆದುಕೊಂಡವರಲ್ಲಿ ಮೊದಲ ಒಂದೆರಡು ವರ್ಷದಲ್ಲೇ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು. ನನಗೆ ಮುಗಿದು 14 ತಿಂಗಳಾಗಿತ್ತು.

ನನಗೆ ಇದು ಅರ್ಥವಾಗಿದ್ದು ನನ್ನ ಕೆಲಸದ ಲೆಕ್ಕದಲ್ಲಿ. ಹೊಸ ಬಟ್ಟೆ ಮೊಳೆಗೆ ಸಿಕ್ಕಿ ಹರಿದರೆ ಅದು ಬೇರೆ. ಹಳೇ ರೇಷ್ಮೆ ಸೀರೆ ಇರುತ್ತಲ್ಲ, ಬೀರುವಿನಿಂದ ತೆಗೆದು ಸುಮ್ನೆ ಬಿಡಿಸಿದರೆ ಸಾಕು, ಮಡಿಕೆಯ ಜಾಗದಲ್ಲೇ ಸೀಳು ಬಿಡುತ್ತೆ. ಯಾರೂ ಎಳೆದಿರಲ್ಲ. ನೂಲಿನಲ್ಲೇ ಜೀವ ಇರಲ್ಲ. ನನ್ನ ಮೂಳೆಗೂ ಆಗಿದ್ದು ಅದೇ. ಕರೆಂಟ್ ಮೂಳೆ ಕಟ್ಟುವ ಕಣಗಳನ್ನೂ ಅದಕ್ಕೆ ರಕ್ತ ತರುವ ಸಣ್ಣ ಸಣ್ಣ ನಾಳಗಳನ್ನೂ ಸೊರಗಿಸಿತ್ತು. ಹಾರ್ಮೋನ್ ನಿಂತಿತ್ತು. ವಿಟಮಿನ್ ಡಿ ನೋಡಿಸಿದರೆ 11. ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಕೊರತೆ ಅಂತ ಲೆಕ್ಕ. ಇನ್ನೇನು ಉಳಿದಿತ್ತು ಮೂಳೆಯಲ್ಲಿ?

ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಅಂತ ಒಂದು ಸ್ಕ್ಯಾನ್ ಮಾಡಿದರು. ಮಲಗಿದರೆ ಹತ್ತು ಹದಿನೈದು ನಿಮಿಷ. ಸೂಜಿ ಇಲ್ಲ, ಕೊಳವೆಯೊಳಗೆ ಹೋಗುವುದಿಲ್ಲ. ಬೆನ್ನುಮೂಳೆಗೆ ಮೈನಸ್ 2.7 ಬಂತು, ತೊಡೆ ಸಂದಿಗೆ ಮೈನಸ್ 2.1. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳು. ಕರೆಂಟ್ ಶುರುವಾಗುವ ಮೊದಲೇ ಈ ಸ್ಕ್ಯಾನ್, ಆ ರಕ್ತ ಪರೀಕ್ಷೆ ಎರಡೂ ಮಾಡಿಸಿದ್ದರೆ ನನ್ನ ಮೂಳೆ ಎಲ್ಲಿಂದ ಎಲ್ಲಿಗೆ ಇಳಿಯಿತು ಅಂತ ಗೊತ್ತಾಗುತ್ತಿತ್ತು. ಈಗ ಅದನ್ನು ತಿಳಿಯುವ ದಾರಿಯೇ ಇಲ್ಲ. ಈ ಬೇಸರ ನನಗೆ ಇನ್ನೂ ಹೋಗಿಲ್ಲ.

ಔಷಧಿ ಕೊಟ್ಟವರು ಹಾರ್ಮೋನ್ ಡಾಕ್ಟರ್. ವಿಟಮಿನ್ ಡಿ 60,000 ಯೂನಿಟ್, ವಾರಕ್ಕೊಂದರಂತೆ ಎಂಟು ವಾರ. ಊಟದ ಜೊತೆ ಕ್ಯಾಲ್ಸಿಯಂ ಮಾತ್ರೆ. ಆಮೇಲೆ ಮೂಳೆ ಕರಗುವುದನ್ನು ತಡೆಯಲು ವರ್ಷಕ್ಕೊಂದು ಸಲ ಕೈಗೆ ಹಾಕುವ ಜೋಲೆಡ್ರೋನಿಕ್ ಆಸಿಡ್ ಡ್ರಿಪ್. ಡ್ರಿಪ್‌ಗೆ ಮುಂಚೆ ಕಿಡ್ನಿ ಪರೀಕ್ಷೆ ಮಾಡಿಸಿದರು, ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿದರು. ಈ ಔಷಧಿ ನಡೆಯುವಾಗ ಹಲ್ಲು ಕೀಳಿಸಿದರೆ ಅಪರೂಪಕ್ಕೆ ದವಡೆ ಮೂಳೆ ಮಾಯದೆ ಹೋಗಬಹುದಂತೆ. ನನ್ನದೊಂದು ಹುಳುಕು ದವಡೆ ಹಲ್ಲು ಮೊದಲೇ ಕೀಳಿಸಿ, ಗಾಯ ಮಾಗಿದ ಮೇಲೆ ಡ್ರಿಪ್ ಹಾಕಿದರು. ಡ್ರಿಪ್ ಆದ ರಾತ್ರಿ ಜ್ವರ, ಮೈಕೈ ನೋವು. ಎರಡು ದಿನಕ್ಕೆ ಇಳಿಯಿತು. ಹೀಗಾಗುತ್ತೆ ಅಂತ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ.

ಹಾರ್ಮೋನ್ ಮಾತ್ರೆ ಬಗ್ಗೆಯೂ ಅವರೇ ಮಾತು ತೆಗೆದರು. ನನ್ನದು ಸ್ಕ್ವಾಮಸ್ ಬಗೆ, ಹಾರ್ಮೋನ್‌ನಿಂದ ಬೆಳೆಯುವ ಕ್ಯಾನ್ಸರ್ ಅಲ್ಲ. ಅದಕ್ಕೇ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಕೊಡಬಹುದು ಅಂದರು. ಗರ್ಭಕೋಶ ತೆಗೆದಿಲ್ಲವಾದ್ದರಿಂದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡು ಹಾರ್ಮೋನೂ ಸೇರಿಸಿ ಕೊಟ್ಟಿದ್ದಾರೆ. ಎಲ್ಲಾ ಕ್ಯಾನ್ಸರ್‌ಗೂ ಇದು ಹೊಂದುವುದಿಲ್ಲ, ನಿಮ್ಮ ಡಾಕ್ಟರನ್ನೇ ಕೇಳಬೇಕು. ಆದರೆ ಕೇಳಿ. ನಾನು ಒಂದು ವರ್ಷ ಕೇಳಲೇ ಇಲ್ಲ, ಕೇಳಬಹುದು ಅಂತಲೇ ಗೊತ್ತಿರಲಿಲ್ಲ.

ಈಗ ಕ್ಲಿನಿಕ್‌ಗೆ ಬರುತ್ತೇನೆ.

ಆಸ್ಪತ್ರೆಯ ನರ್ಸಮ್ಮ ಒಬ್ಬರು ಈ ಜಾಗ ಹೇಳಿದ್ದು. ಹಿಂದಿನ ಅನುಭವದಿಂದ ನನಗೆ ಫಿಸಿಯೋ ಅಂದರೇ ಭಯ. ಮೊದಲ ದಿನ ನನ್ನನ್ನು ಮೇಜಿನ ಮೇಲೆ ಮಲಗಿಸಲೇ ಇಲ್ಲ. ಫಿಸಿಯೋ ಮೇಡಂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಮೊದಲು ಫೈಲ್ ಓದಿದರು. ಎಂಆರ್‌ಐ ರಿಪೋರ್ಟ್ ಮಾತ್ರ ಅಲ್ಲ, ಕರೆಂಟ್ ಕೊಟ್ಟ ಸಮ್ಮರಿ ಕಾಗದವನ್ನೂ. ಎಷ್ಟು ಸಿಟ್ಟಿಂಗ್, ಯಾವ ಭಾಗಕ್ಕೆ, ಯಾವಾಗ ಮುಗಿಯಿತು ಅಂತ ಬರೆದುಕೊಂಡರು. ಆಮೇಲೆ ಕೇಳಲು ಶುರು ಮಾಡಿದರು. ಮುಟ್ಟು ಯಾವಾಗ ನಿಂತಿತು? ರಾತ್ರಿ ಮಲಗಿದಾಗಲೂ ನೋವು ಇದೆಯಾ, ಇಲ್ಲ ನಿಂತಾಗ ಮಾತ್ರವಾ? ಕಾಲು ಊದುತ್ತಾ? ಜೋಮು ಹಿಡಿಯುತ್ತಾ? ದಿನಕ್ಕೆ ಎಷ್ಟು ಸಲ ಭೇದಿ? ಹಾಲು ಒಗ್ಗುತ್ತಾ? ಅಮ್ಮನಿಗೆ ಸೊಂಟ ಮುರಿದಿತ್ತಾ? ಮನೆಯಲ್ಲಿ ಮೆಟ್ಟಿಲು ಎಷ್ಟು, ಟಾಯ್ಲೆಟ್ ಯಾವ ತರದ್ದು?

ಕೊನೆಗೆ ಇದೊಂದು ಪ್ರಶ್ನೆ. ‘ಅಕ್ಕ, ರಾತ್ರಿ ಎಷ್ಟು ಸಲ ಎದ್ದು ಬಾತ್‌ರೂಮಿಗೆ ಓಡ್ತೀರಾ?’

ನಾಲ್ಕು ಸಲ ಅಂದೆ. ಕರೆಂಟ್ ಆದ ಮೇಲೆ ತಡೆದುಕೊಳ್ಳಲು ಆಗುವುದಿಲ್ಲ, ಬಂತು ಅಂದರೆ ಓಡಲೇಬೇಕು. ಲೈಟ್ ಹಾಕುತ್ತೀರಾ ಅಂತ ಕೇಳಿದರು. ನಮ್ಮವರ ನಿದ್ದೆ ಕೆಡುತ್ತೆ ಅಂತ ಹಾಕಲ್ಲ ಅಂದೆ. ಮೇಡಂ ಪೆನ್ ಕೆಳಗಿಟ್ಟರು. ‘ನಿಮ್ಮ ಮೂಳೆಗೆ ಅಪಾಯ ಇರೋದು ಆ ಹತ್ತು ಹೆಜ್ಜೆಯಲ್ಲೇ. ಅರ್ಧ ನಿದ್ದೆ, ಕತ್ತಲು, ಒದ್ದೆ ನೆಲ, ಅವಸರ. ಇವತ್ತು ವ್ಯಾಯಾಮ ಏನೂ ಬೇಡ. ಹೋಗ್ತಾ ಒಂದು ರಾತ್ರಿ ದೀಪ, ಒಂದು ರಬ್ಬರ್ ಮ್ಯಾಟ್ ತಗೊಂಡು ಹೋಗಿ’ ಅಂದರು. ಇಷ್ಟು ಡಾಕ್ಟರುಗಳನ್ನು ನೋಡಿದ್ದೇನೆ. ಆ ಹತ್ತು ಹೆಜ್ಜೆ ಬಗ್ಗೆ ಕೇಳಿದವರು ಇವರೊಬ್ಬರೇ.

ಇನ್ನೊಂದು ಸಂಗತಿ. ಬೆನ್ನಿಗೆ ಮಷಿನ್ ಇಟ್ಟು ಶಾಖ ಕೊಡುತ್ತಾರೆ ಅಂದುಕೊಂಡಿದ್ದೆ. ಆಳಕ್ಕೆ ಹೋಗುವ ಶಾಖ, ಅಲ್ಟ್ರಾಸೌಂಡ್ ಇದ್ಯಾವುದನ್ನೂ ಕ್ಯಾನ್ಸರ್ ಇದ್ದ ಜಾಗಕ್ಕೆ, ಕರೆಂಟ್ ಬಿದ್ದ ಜಾಗಕ್ಕೆ ಇಡಬಾರದು ಅಂತ ಸ್ಪಷ್ಟವಾಗಿ ಹೇಳಿದರು. ಹಿಂದಿನವರು ಇಟ್ಟಿದ್ದರು ಅಂದಾಗ ಯಾರನ್ನೂ ಬೈಯಲಿಲ್ಲ. ನನ್ನ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಟ್ಟರು. ಅವರು ರಜೆ ಇದ್ದ ದಿನ ಬೇರೆಯವರು ನೋಡಿದರೂ ತಪ್ಪಾಗಬಾರದು ಅಂತ.

ಕೋಲು ಕೊಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. ಮೊದಲ ಮೂರು ವಾರ ವಾಕರ್, ಆಮೇಲೆ ಕೋಲು. ನಾನು ಮೆಡಿಕಲ್ ಸ್ಟೋರ್‌ನಿಂದ ಒಂದು ತಂದಿದ್ದೆ. ಮೇಡಂ ನನ್ನನ್ನು ಚಪ್ಪಲಿ ಹಾಕಿಸಿ ನೆಟ್ಟಗೆ ನಿಲ್ಲಿಸಿದರು, ಕೈ ಇಳಿಬಿಡಿ ಅಂದರು. ಟೇಪ್ ತೆಗೆದು ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಅಳೆದರು. ನಾನು ಸಾವಿರಾರು ಹೆಂಗಸರ ತೋಳು, ಎದೆ, ಸೊಂಟ ಅಳೆದವಳು. ನನ್ನನ್ನು ಯಾರೋ ಅಷ್ಟು ಜೋಪಾನವಾಗಿ ಅಳೆದದ್ದು ಅದೇ ಮೊದಲು. 31 ಇಂಚು ಬಂತು. ಕೋಲು ಅದಕ್ಕಿಂತ ಎರಡು ಇಂಚು ಉದ್ದ ಇತ್ತು, ಗುಂಡಿ ಒತ್ತಿ ಇಳಿಸಿದರು. ಬಲಗೈಗೆ ತೆಗೆದುಕೊಂಡೆ. ‘ನೋವು ಬಲಕ್ಕೆ ಜಾಸ್ತಿ ಇದ್ರೆ ಕೋಲು ಎಡಗೈಗೆ’ ಅಂದರು. ಎಡಗೈಯ ಕೋಲೂ ಬಲಗಾಲೂ ಒಟ್ಟಿಗೆ ಮುಂದೆ ಹೋಗಬೇಕು. ಆ ಕೋಣೆಯಲ್ಲಿ ಎಂಟು ಹೆಜ್ಜೆ ನಡೆದೆ. ಎರಡು ತಿಂಗಳಲ್ಲಿ ಮೊದಲ ಸಲ ಹಲ್ಲು ಕಚ್ಚದೆ ನಡೆದಿದ್ದೆ.

ಪೂರ್ತಿ ಮಲಗಿಬಿಡಬೇಕು ಅಂತ ನಾನು ಅಂದುಕೊಂಡಿದ್ದೆ. ಮನೆಯವರೂ ಏಳಬೇಡ ಅನ್ನುತ್ತಿದ್ದರು. ಮೇಡಂ ಅದನ್ನು ಒಪ್ಪಲಿಲ್ಲ. ನೋವು ಏರುವ ಕೆಲಸ ನಿಲ್ಲಿಸಬೇಕು, ಹಾಗಂತ ಹಾಸಿಗೆ ಹಿಡಿದರೆ ಮೂಳೆ ಇನ್ನಷ್ಟು ಕರಗುತ್ತೆ ಅಂದರು. ಭಾರ ಬಿದ್ದರೆ ಮಾತ್ರ ಮೂಳೆ ಗಟ್ಟಿಯಾಗುವುದು, ಆದರೆ ಅದು ತಾಳುವಷ್ಟೇ ಭಾರ ಬೀಳಬೇಕು. ಅವರ ಕೈಚಳಕ ಇರುವುದು ಈ ಅಳತೆಯಲ್ಲೇ. ಮೊದಲು ಮಲಗಿಕೊಂಡು ಹಿಮ್ಮಡಿ ಆಡಿಸುವುದು, ಉಸಿರು ಬಿಡುತ್ತಾ ಹೊಟ್ಟೆ ಒಳಗೆ ಎಳೆಯುವುದು. ಆಮೇಲೆ ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು. ನಾಲ್ಕನೇ ತಿಂಗಳಿಗೆ ಒಂದೇ ಮೆಟ್ಟಿಲು ಹತ್ತಿ ಇಳಿಯುವುದು, ಕೈಯಲ್ಲಿ ಒಂದೊಂದು ಕೇಜಿ ರಾಗಿ ಹಿಟ್ಟಿನ ಪ್ಯಾಕೆಟ್. ನೆಲದ ಮೇಲೆ ನನ್ನದೇ ಟೇಪ್ ಹಾಸಿ ಅದರ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಸಿದರು. ಮರುದಿನ ಬೆಳಿಗ್ಗೆ ನೋವು ಜಾಸ್ತಿ ಇದ್ದರೆ ಹಿಂದಿನ ಹಂತಕ್ಕೆ ವಾಪಸ್. ಹಾಗೆ ಎರಡು ಸಲ ಹಿಂದೆ ಹೋಗಿದ್ದೇನೆ. ಬೇಸರವಾಗಿತ್ತು, ಆದರೆ ಅವಸರ ಮಾಡಿಸಲಿಲ್ಲ.

ಮೊದಲ ತಿಂಗಳು 30 ಸೆಕೆಂಡಿನಲ್ಲಿ ಕುರ್ಚಿಯಿಂದ 4 ಸಲ ಎದ್ದಿದ್ದೆ. ಆರನೇ ತಿಂಗಳು 12.

ಹೊಲಿಗೆ ಕೆಲಸ ಬಿಡಿ ಅಂತ ಅವರು ಹೇಳಲಿಲ್ಲ. ಇದಕ್ಕೆ ನಾನು ಅವರಿಗೆ ಋಣಿ. ನಾನು ಮಷಿನ್ ಮುಂದೆ ಕೂತಿರುವ ವಿಡಿಯೋ ತೆಗೆಸಿಕೊಂಡು ನೋಡಿದರು. ಸ್ಟೂಲ್ ತೆಗೆಸಿ ಬೆನ್ನು ಒರಗುವ ಕುರ್ಚಿ ಹಾಕಿಸಿದರು. ಕಾಲಲ್ಲಿ ತುಳಿಯುವ ಮಷಿನ್‌ಗೆ ಮೋಟಾರ್ ಕೂರಿಸಲು ಹೇಳಿದರು. ಬಟ್ಟೆ ಕತ್ತರಿಸುವುದು ನೆಲದ ಮೇಲೆ ಬೇಡ, ಊಟದ ಮೇಜಿನ ಮೇಲೆ. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿಯುವುದು. ಸೊಂಟ ಗೂನು ಮಾಡಿ ಬಗ್ಗಬಾರದು, ಬಗ್ಗಿಕೊಂಡೇ ತಿರುಗಬಾರದು. ರಂಗೋಲಿ ಈಗ ಮಗಳು ಹಾಕುತ್ತಾಳೆ. ನೀರಿನ ಕ್ಯಾನ್ ಎತ್ತುವುದು ನಮ್ಮವರ ಪಾಲಿಗೆ ಹೋಗಿದೆ.

ಎಲ್ಲವೂ ಚೆನ್ನಾಗಿದೆ ಅಂತ ಬರೆದರೆ ತಪ್ಪಾಗುತ್ತೆ. ಕ್ಲಿನಿಕ್ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. 17 ಮೆಟ್ಟಿಲು. ಸೊಂಟ ಸೀಳಿರುವವರು ಅದನ್ನು ಹತ್ತಬೇಕು. ಮೊದಲ ತಿಂಗಳು ನನಗೆ ಕೆಳಗಿನ ಅಂಗಡಿಯವರ ಹಿಂದಿನ ಕೋಣೆಯಲ್ಲಿ ನೋಡಿದರು, ಆದರೆ ಅದನ್ನು ನಾವೇ ಫೋನ್ ಮಾಡಿ ಕೇಳಬೇಕಾಯಿತು. ಟಾಯ್ಲೆಟ್ ಒಂದೇ, ಅದರ ಬೀಗದ ಕೈ ರಿಸೆಪ್ಷನ್ ಹುಡುಗನ ಹತ್ತಿರ. ಕರೆಂಟ್ ತೆಗೆದುಕೊಂಡ ಹೆಂಗಸು ಬೀಗದ ಕೈಗೆ ಕಾಯುವಷ್ಟು ಹೊತ್ತು ತಡೆದುಕೊಳ್ಳಲಾರಳು. ಒಂದು ದಿನ ನನ್ನ ಸೀರೆ ಒದ್ದೆಯಾಯಿತು. ಅತ್ತುಬಿಟ್ಟೆ. ಮೇಡಂಗೆ ನೇರವಾಗಿ ಹೇಳಿದೆ. ಮರುವಾರದಿಂದ ಬೀಗವೇ ಇಲ್ಲ, ಒಳಗೆ ಹಿಡಿದುಕೊಳ್ಳಲು ಕಂಬಿಯನ್ನೂ ಹಾಕಿಸಿದ್ದಾರೆ. ಶನಿವಾರ ಜನ ಜಾಸ್ತಿ. ಅಪಾಯಿಂಟ್‌ಮೆಂಟ್ ಇದ್ದರೂ ಮುಕ್ಕಾಲು ಗಂಟೆ ಕಾಯಿಸಿದ್ದುಂಟು.

ಊಟದ ಪಟ್ಟಿ ಅಂತ ಒಂದು ಕಾಗದ ಕೊಡುತ್ತಾರೆ. ಅದು ಮೊದಲು ನಮಗೆ ಆಗಿಬರುವಂಥದ್ದೇ ಆಗಿರಲಿಲ್ಲ. ಸಾಲ್ಮನ್ ಮೀನು, ಬಾದಾಮಿ ಹಾಲು, ಚೀಸ್. ಶ್ರೀನಗರದ ಯಾವ ಅಂಗಡಿಯಲ್ಲಿ ಸಾಲ್ಮನ್ ತರಲಿ? ಮೇಡಂ, ಇದರಲ್ಲಿ ನಮ್ಮ ಊಟ ಎಲ್ಲಿದೆ ಅಂತ ಕೇಳಿದೆ. ಅವರಿಗೆ ಪರಿಚಯದ ಡಯಟಿಷಿಯನ್ ಒಬ್ಬರ ಹತ್ತಿರ ಹೊಸದಾಗಿ ಕನ್ನಡದಲ್ಲೇ ಬರೆಸಿದರು. ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತಲ್ಲ, ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿಸಿದರೆ ಹೆಚ್ಚು ಹತ್ತುತ್ತೆ. ನನಗೆ ಕರೆಂಟ್ ಆದ ಮೇಲೆ ಹಾಲು ಕುಡಿದರೆ ಹೊಟ್ಟೆ ಕೆಡುತ್ತಿತ್ತು, ಅದಕ್ಕೆ ಮೊಸರು, ಮಜ್ಜಿಗೆ. ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪು. ಸೊಪ್ಪು ಜಾಸ್ತಿ ತಿಂದ ದಿನ ಭೇದಿ ಆಗುತ್ತಿದ್ದರಿಂದ ಸ್ವಲ್ಪ ಸ್ವಲ್ಪವೇ. ಕಬ್ಬಿಣಾಂಶದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ನಾನು ಒಟ್ಟಿಗೆ ನುಂಗುತ್ತಿದ್ದೆ. ಒಂದನ್ನು ಇನ್ನೊಂದು ಮೈಗೆ ಹತ್ತಲು ಬಿಡಲ್ಲ, ಬೇರೆ ಬೇರೆ ಹೊತ್ತಿಗೆ ತಗೊಳ್ಳಬೇಕು ಅಂತ ಗೊತ್ತಾಗಿದ್ದೂ ಈ ಕಾಗದದಿಂದಲೇ. ಈಗ ಕಬ್ಬಿಣ ಬೆಳಿಗ್ಗೆ, ಕ್ಯಾಲ್ಸಿಯಂ ಮಧ್ಯಾಹ್ನ, ರಾತ್ರಿ ಊಟದ ಜೊತೆ.

ಮೊದಲ ಭೇಟಿಗೆ 800 ರೂಪಾಯಿ, ಆಮೇಲೆ ಸಲಕ್ಕೆ 500. ನನ್ನ ದುಡಿಮೆಗೆ ಇದು ಕಡಿಮೆಯಲ್ಲ. ಆದರೆ ಹತ್ತು ಸಲದ ಪ್ಯಾಕೇಜ್ ತಗೊಳ್ಳಿ ಅಂತ ಒತ್ತಾಯ ಮಾಡಲಿಲ್ಲ. ಎರಡು ತಿಂಗಳಾದ ಮೇಲೆ ಅವರೇ ‘ಇನ್ನು ವಾರ ವಾರ ಬರಬೇಡಿ ಅಕ್ಕ, ಮನೆಯಲ್ಲೇ ಮಾಡಿ, ತಿಂಗಳಿಗೊಮ್ಮೆ ತೋರಿಸಿ’ ಅಂದರು. ಹಾಗೆ ಹೇಳಿ ದುಡ್ಡು ಬಿಡುವವರು ಎಷ್ಟು ಜನ ಇದ್ದಾರೆ?

ಮಗಳು ಎಂ.ಎಸ್ಸಿ. ಓದುತ್ತಿದ್ದಾಳೆ, ಇಂಗ್ಲಿಷ್‌ನಲ್ಲಿ ಇರುವುದನ್ನೆಲ್ಲ ಹುಡುಕಿ ಓದಿದಳು. ಅಮೆರಿಕದಲ್ಲಿ 65 ದಾಟಿದ ಹೆಂಗಸರ ಮೇಲೆ ಮಾಡಿದ ಅಧ್ಯಯನವೊಂದು 2005ರಲ್ಲೇ ಅಲ್ಲಿನ ವೈದ್ಯರ ಸಂಘದ ಪತ್ರಿಕೆ ಜಾಮಾದಲ್ಲಿ ಬಂದಿದೆಯಂತೆ. ಗರ್ಭಕೋಶದ ಬಾಯಿ ಕ್ಯಾನ್ಸರ್ ಇದ್ದವರಲ್ಲಿ ಕರೆಂಟ್ ತೆಗೆದುಕೊಂಡವರಿಗೆ ಐದು ವರ್ಷದೊಳಗೆ ಸೊಂಟದ ಭಾಗದ ಮೂಳೆ ಮುರಿದದ್ದು ನೂರಕ್ಕೆ 8.2, ತೆಗೆದುಕೊಳ್ಳದವರಿಗೆ 5.9. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಕರೆಂಟ್ ಜೊತೆಗೇ ಮೂಳೆಯ ಆರೈಕೆಯನ್ನೂ ಕೊಟ್ಟು ನೋಡುವ ರಾಡ್‌ಬೋನ್ ಅನ್ನುವ ಅಧ್ಯಯನವನ್ನೂ ಮಾಡಿದ್ದಾರೆ. ಅಂದರೆ ಇದು ಗೊತ್ತಿಲ್ಲದ ವಿಷಯ ಅಲ್ಲ. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ನನಗೆ ಬಂದ ಕ್ಯಾನ್ಸರೇ. ಎಷ್ಟು ಜನ ಈ ನೋವನ್ನು ರೋಗ ವಾಪಸ್ ಬಂತು ಅಂತ ಹೆದರಿಕೊಂಡು, ಇಲ್ಲ ವಯಸ್ಸಾಯಿತು ಅಂತ ಸುಮ್ಮನೆ ಸಹಿಸಿಕೊಂಡು ಕೂತಿದ್ದಾರೋ. ನೆನೆದರೆ ಹೊಟ್ಟೆ ಉರಿಯುತ್ತೆ.

ಮಾರ್ಚ್‌ನಲ್ಲಿ ಕಾಯುವ ಜಾಗದಲ್ಲಿ ಒಬ್ಬ ಹುಡುಗಿ ಸಿಕ್ಕಳು. ಕುಣಿಗಲ್ ಕಡೆಯವಳು, 33 ವರ್ಷ. ಇಲ್ಲೇ ಸಂಬಂಧಿಕರ ಮನೆಯಲ್ಲಿದ್ದು ಕರೆಂಟ್ ತೆಗೆದುಕೊಳ್ಳುತ್ತಿದ್ದಳು, 11ನೇ ಸಿಟ್ಟಿಂಗ್ ಆಗಿತ್ತಂತೆ. ಅವಳಿಗೆ ಮೂಳೆ ನೋವೇನೂ ಇರಲಿಲ್ಲ. ಮೊದಲೇ ಬರಲಿ ಅಂತ ಅವಳ ಡಾಕ್ಟರೇ ಕಳಿಸಿದ್ದರು. ಡೆಕ್ಸಾ ಆಗಿತ್ತು, ವಿಟಮಿನ್ ಡಿ ಶುರುವಾಗಿತ್ತು. ಸುಸ್ತು ಕಡಿಮೆ ಇದ್ದ ದಿನ 20 ನಿಮಿಷ ನಡಿಗೆ, ಕುರ್ಚಿಯಿಂದ ಏಳುವ ವ್ಯಾಯಾಮ. ಅವಳ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಯಾಕೆ ಅಂತ ಅವಳು ಕೇಳಲಿಲ್ಲ.

ಅವಳನ್ನು ನೋಡಿದ ಮೇಲೆ ಮೇಡಂಗೆ ಒಂದು ಮಾತು ಹೇಳಿದೆ. ಕರೆಂಟ್ ನಡೆಯುತ್ತಿರುವವರು ಸುಸ್ತಾಗಿ ಬರುತ್ತಾರೆ, ಮರದ ಬೆಂಚು ಅವರಿಗೆ ಒತ್ತುತ್ತೆ ಅಂತ. ನಾಲ್ಕು ಫೋಮ್ ತರಿಸಿಕೊಟ್ಟರು, ನಾನು ದಪ್ಪ ಕಾಟನ್ ಬಟ್ಟೆಯಲ್ಲಿ ಕವರ್ ಹೊಲಿದುಕೊಟ್ಟೆ. ಒಗೆಯಲು ಬರುವ ಹಾಗೆ ಜಿಪ್ ಇಟ್ಟಿದ್ದೇನೆ. ಹೋದರೆ ನೋಡಿ, ನೀಲಿ ಬಣ್ಣದ್ದು.

ಈ ವರ್ಷ ವರಮಹಾಲಕ್ಷ್ಮಿಗೆ 19 ಬ್ಲೌಸ್ ಹೊಲಿದೆ. ಮೊದಲು 60 ಆಗುತ್ತಿತ್ತು. ಹೋದ ವರ್ಷ ಮಡಿಸಿಟ್ಟಿದ್ದ ಆ ಎರಡು ರೇಷ್ಮೆ ಪೀಸ್‌ಗಳನ್ನು ಮೊದಲು ಕತ್ತರಿಸಿದೆ. ಕೊಟ್ಟವರು ವರ್ಷವಿಡೀ ವಾಪಸ್ ಕೇಳಿರಲಿಲ್ಲ, ದೊಡ್ಡ ಮನಸ್ಸು ಅವರದ್ದು. ಅಕ್ಟೋಬರ್‌ನಲ್ಲಿ ಮತ್ತೆ ಡೆಕ್ಸಾ ಮಾಡಿಸಿದೆ. ಬೆನ್ನುಮೂಳೆ ಮೈನಸ್ 2.7ರಿಂದ ಮೈನಸ್ 2.4ಕ್ಕೆ ಬಂದಿದೆ. ಹೆಚ್ಚು ಹೊತ್ತು ನಿಂತರೆ ಸೊಂಟದಲ್ಲಿ ಸ್ವಲ್ಪ ನೋವು ಇನ್ನೂ ಇದೆ. ಕೋಲು ಹೊರಗೆ ಹೋಗುವಾಗ ಮಾತ್ರ.

ಹೋಗುವವರಿಗೆ ಒಂದೆರಡು ಮಾತು. ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದರೆ ಅಲ್ಲಿಂದ ಆಟೋ ಸಿಗುತ್ತೆ. ಹಂಪ್ಸ್ ಬಂದಾಗ ನಿಧಾನಕ್ಕೆ ಹೋಗಪ್ಪ ಅಂತ ಹತ್ತುವಾಗಲೇ ಹೇಳಿಬಿಡಿ, ಪಾಪ ಕೇಳುತ್ತಾರೆ. ಮಂಗಳವಾರ, ಗುರುವಾರ ಬೆಳಿಗ್ಗೆ ಜನ ಕಡಿಮೆ. ಮೆಟ್ಟಿಲು ಹತ್ತಲು ಆಗದಿದ್ದರೆ ಮೊದಲೇ ಫೋನ್ ಮಾಡಿ, ಕೆಳಗೇ ಬಂದು ನೋಡುತ್ತಾರೆ. ಎಂಆರ್‌ಐ, ಡೆಕ್ಸಾ, ರಕ್ತದ ರಿಪೋರ್ಟ್ ಜೊತೆಗೆ ಕರೆಂಟ್ ಕೊಟ್ಟ ಆಸ್ಪತ್ರೆಯ ಸಮ್ಮರಿ ಕಾಗದ ಮರೆಯಬೇಡಿ. ಅದಿಲ್ಲದೆ ಮೇಡಂ ನಿಮ್ಮನ್ನು ಒಂದು ಹೆಜ್ಜೆಯೂ ನಡೆಸುವುದಿಲ್ಲ.